ಲಕ್ಷಣ ಇದೆಯಂತೆ

ಜೂನ್ 3

ಬೀಗಿತ್ತಿಯವರಿಗೆ,

ನಿಮ್ಮ ಮಗಳೂ ಮೊಮ್ಮಗಳೂ ಕ್ಷೇಮವಾಗಿ ತಲುಪಿರಬೇಕು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂರಿಸಿದ್ದು ನಾನೇ. ಮಗ ಆಗ ಅಣೆಕಟ್ಟಿನ ಗೇಟಿನ ಮೇಲೆ ಪಾಳಿಯಲ್ಲಿದ್ದ, ಅವನಿಗೆ ಆಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಅವನು ಕಳಿಸುತ್ತಿರಲಿಲ್ಲ.

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ವಿಷಯಕ್ಕೆ ಬರುತ್ತೇನೆ. ಮಗು ಬಟಾಣಿಗೆ ಕೈಕಾಲು ಊದಿಕೊಂಡು, ಕಣ್ಣು ಹಳದಿಯಾಗಿ, ಮುಟ್ಟಿದರೆ ಚೀರುವ ಹಾಗಾದದ್ದು ಇದು ನಾಲ್ಕನೆಯ ಸಲ. ಕಾಲೋನಿ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು ರಕ್ತ ನೋಡಿಸಿ ಕುಡುಗೋಲು ಕಣದ ರೋಗ ಎಂದರು. ದುಂಡಗಿರಬೇಕಾದ ರಕ್ತಕಣ ಕುಡುಗೋಲಿನ ಹಾಗೆ ಬಾಗಿ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದಂತೆ, ಅದಕ್ಕೇ ಆ ನೋವಂತೆ. ಹುಟ್ಟಿನಿಂದಲೇ ಬರುವುದಂತೆ. ಹುಟ್ಟಿನಿಂದ ಎಂದ ಮೇಲೆ ಹೆತ್ತವಳ ಕಡೆ ನೋಡಬೇಕಲ್ಲವೇ?

ನಮ್ಮ ಮನೆಯ ರಕ್ತ ಎಂಥದ್ದೆಂದು ಈ ಕಾಲೋನಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅಣೆಕಟ್ಟು ಕಟ್ಟುವ ಕಾಲದಲ್ಲಿ ನಮ್ಮ ಲೈನ್ ಮನೆಗಳ ಸುತ್ತ ನೀರು ನಿಂತ ಗುಂಡಿಗಳೇ. ಮಲೇರಿಯಾ ಮನೆಮನೆಗೆ ನುಗ್ಗಿ ಮಕ್ಕಳನ್ನು ಎತ್ತಿಕೊಂಡು ಹೋಯಿತು. ನಮಗೂ ಬಂತು, ನಡುಗಿಸಿತು, ಹೋಯಿತು. ನಾನು ಎರಡು ದಿನಕ್ಕೆ ಎದ್ದು ಕೂಲಿಯವರಿಗೆ ಊಟ ಹಾಕುವ ನನ್ನ ಮೆಸ್ಸಿನ ಒಲೆ ಹೊತ್ತಿಸಿದೆ, ಮಗ ಅದಕ್ಕೂ ಮೊದಲೇ ಅಂಗಳದಲ್ಲಿ ಗೋಲಿ ಆಡುತ್ತಿದ್ದ. ಎದುರು ಮನೆಯವಳ ಇಬ್ಬರು ಮಕ್ಕಳೂ ಒಂದೇ ತಿಂಗಳಲ್ಲಿ ಹೋದವು. ಈಗ ಅವಳು ನನ್ನ ಮೆಸ್ಸಿನಲ್ಲೇ ತರಕಾರಿ ಹೆಚ್ಚುತ್ತಾಳೆ, ಒಳ್ಳೆಯವಳೇ. ಆದರೆ ಮನೆ ಚೊಕ್ಕಟವಾಗಿ ಇಟ್ಟುಕೊಳ್ಳದೆ, ಹೊತ್ತಿಗೆ ಸರಿಯಾಗಿ ಮಕ್ಕಳಿಗೆ ಉಣ್ಣಿಸದೆ ಇದ್ದರೆ ಆಗುವುದೇ ಹಾಗೆ. ಅದನ್ನು ಆಗಲೇ ಅವಳ ಮುಖಕ್ಕೆ ಹೇಳಿದ್ದೆ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿ, ಇದು ಎಲ್ಲಿಂದ ಬಂತೆಂದು ತಿಳಿದು ಬರೆಯಿರಿ. ಇತ್ಯರ್ಥವಾಗುವವರೆಗೆ ಅವಳು ಅಲ್ಲೇ ಇರಲಿ. ಬಟಾಣಿಗೆ ಬಿಸಿನೀರಿನಲ್ಲೇ ಸ್ನಾನ ಮಾಡಿಸಬೇಕು, ತಣ್ಣೀರು ತಾಗಿದರೆ ನೋವು ಬರುತ್ತದೆ.

ನಿಮ್ಮ ಅಳಿಯನ ತಾಯಿ


ಜೂನ್ 16

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದಾಗ ಶಾಲೆಯ ಯೂನಿಫಾರಂಗಳಿಗೆ ಕಾಲರ್ ಕೂರಿಸುತ್ತಿದ್ದೆ. ಓದಿದ ಮೇಲೆ ಒಂದು ಕಾಲರನ್ನು ತಲೆಕೆಳಗಾಗಿ ಹೊಲಿದೆ, ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಮಗಳು ಮದುವೆಯಾಗಿ ಹೋದ ಮನೆಯಿಂದ ಇಂಥ ಪತ್ರ ಬರುತ್ತದೆ ಎಂದು ಯಾವ ತಾಯಿ ಎಣಿಸಿರುತ್ತಾಳೆ? ಆದರೂ ನಿಮ್ಮ ಮನಸ್ಸಿಗೆ ನಮ್ಮಿಂದ ನೋವಾಗಿದ್ದರೆ ಕ್ಷಮಿಸಿ.

ನೀವು ಹೇಳಿದಂತೆ ಇಲ್ಲಿನ ದೊಡ್ಡಾಸ್ಪತ್ರೆಗೆ ಮೂವರೂ ಹೋಗಿ ರಕ್ತ ಕೊಟ್ಟು ಬಂದೆವು. ಮಗಳಿಗೆ ರೋಗವಿಲ್ಲ ಎಂದು ನರ್ಸಮ್ಮ ಸ್ಪಷ್ಟವಾಗಿ ಹೇಳಿದರು. ನಮ್ಮ ಯಜಮಾನರಿಗೂ ರೋಗವಿಲ್ಲ. ನನಗಂತೂ ಏನೂ ಇಲ್ಲ. ಅಳಿಯಂದಿರ ರಕ್ತವನ್ನೂ ಒಮ್ಮೆ ನೋಡಬೇಕಂತೆ, ಅದು ಆಸ್ಪತ್ರೆಯ ಕ್ರಮವಂತೆ. ದಯವಿಟ್ಟು ಬೇಸರಪಟ್ಟುಕೊಳ್ಳದೆ ನೋಡಿಸಿ.

ಬಟಾಣಿಯ ಊತ ಇಳಿದಿದೆ. ದಿನಾ ಒಂದು ಮಾತ್ರೆ ಕೊಟ್ಟಿದ್ದಾರೆ, ನೀರು ಚೆನ್ನಾಗಿ ಕುಡಿಸಬೇಕಂತೆ. ಅಂಗಡಿಯ ಚೂರು ಬಟ್ಟೆಗಳನ್ನೆಲ್ಲ ರಾಶಿ ಹಾಕಿಕೊಂಡು ಅದರ ಮೇಲೆ ಮಲಗುತ್ತಾಳೆ. ಮಗಳು ಮಾತು ಕಡಿಮೆ ಮಾಡಿದ್ದಾಳೆ. ಸಂಜೆ ಬಸ್ಸು ಬರುವ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಅವಳನ್ನು ಯಾವಾಗ ಕರೆಸಿಕೊಳ್ಳುತ್ತೀರೆಂದು ಒಂದು ಮಾತು ಬರೆದರೆ ದೊಡ್ಡ ಉಪಕಾರವಾಗುತ್ತದೆ.

ನಿಮ್ಮ ಸೊಸೆಯ ತಾಯಿ


ಜುಲೈ 2

ಬೀಗಿತ್ತಿಯವರಿಗೆ,

ಮಗನ ರಕ್ತವನ್ನೂ ನೋಡಿಸಿಯಾಯಿತು. ಸಂಶಯ ಇದ್ದದ್ದಕ್ಕಲ್ಲ, ನಿಮ್ಮ ಬಾಯಿ ಮುಚ್ಚಿಸುವುದಕ್ಕೆ. ಅವನು ಮಾತ್ರ ನೀವು ಬರೆದಿದ್ದೀರಿ ಎಂದ ತಕ್ಷಣ ತಾನಾಗಿಯೇ ಹೋಗಿ ತೋಳು ಚಾಚಿ ಬಂದ. ಫಲಿತಾಂಶ ಹೇಳುವ ದಿನ ಕಾಲುವೆಗೆ ನೀರು ಬಿಡುವುದಿತ್ತು, ಅವನು ಗೇಟು ಬಿಟ್ಟು ಕದಲುವಂತಿರಲಿಲ್ಲ. ನಾನೇ ಹೋಗಿದ್ದೆ.

ಆಸ್ಪತ್ರೆಯ ವರಾಂಡದಲ್ಲಿ ಅರ್ಧ ಕಾಲೋನಿ ಕೂತಿತ್ತು. ನರ್ಸು ಹೊರಗೆ ಬಂದು, "ಹೆದರಬೇಡಿ ಅಮ್ಮ, ನಿಮ್ಮ ಮಗನಿಗೆ ರೋಗ ಏನಿಲ್ಲ. ಲಕ್ಷಣ ಇದೆ ಅಷ್ಟೆ" ಅಂದಳು. ನಾನು ಎಲ್ಲರಿಗೂ ಕೇಳಿಸುವ ಹಾಗೆ, "ಅವನು ಹುಟ್ಟಿದಾಗಿಂದ ಲಕ್ಷಣವಾಗೇ ಇದ್ದಾನೆ, ಅದನ್ನ ಹೇಳೋಕೆ ಸೂಜಿ ಚುಚ್ಚಬೇಕಿತ್ತಾ?" ಅಂದೆ. ವರಾಂಡಕ್ಕೆ ವರಾಂಡವೇ ನಕ್ಕಿತು. ನರ್ಸು ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಮೆಸ್ಸಿಗೆ ಹೊತ್ತಾಯಿತೆಂದು ನಾನು ಹೊರಟುಬಂದೆ. ಒಳ್ಳೆಯ ಸುದ್ದಿಗೆ ಬಾಲ ಸೇರಿಸಿ ಹೇಳುವುದು ಆ ಆಸ್ಪತ್ರೆಯವರ ಚಾಳಿ.

ಆಯಿತಲ್ಲ, ನಿಮ್ಮ ಆಸೆಯೂ ತೀರಿತು. ನನ್ನ ಮಗನಿಗೆ ಲಕ್ಷಣ ಇದೆಯಂತೆ. ನೀವು ನಿಮ್ಮ ಮಗಳ ವಿಷಯದಲ್ಲಿ ಬರೀ 'ರೋಗವಿಲ್ಲ' ಎಂದು ಬರೆದಿದ್ದೀರಿ, ಲಕ್ಷಣದ ಮಾತೇ ಎತ್ತಿಲ್ಲ. ಮುಚ್ಚಿಡುವಂಥದ್ದು ಏನೋ ಇದ್ದೇ ಇದೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಮೊನ್ನೆ ನನ್ನ ತಮ್ಮ ಬಂದಿದ್ದ. ಅವನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಅವಳಾದರೆ ನಮ್ಮದೇ ರಕ್ತ, ಅದೇ ಗಟ್ಟಿ ರಕ್ತ. ಮಗನ ಕಿವಿಗೆ ಇನ್ನೂ ಹಾಕಿಲ್ಲ. ಇಂದಲ್ಲ ನಾಳೆ ಹಾಕಲೇಬೇಕು, ಅವನಿಗೂ ವಂಶ ಬೆಳೆಯುವುದು ಬೇಡವೇ? ನಿಮ್ಮ ಮಗಳ ಬಟ್ಟೆಬರೆಗಳನ್ನು ಗಂಟು ಕಟ್ಟಿಸಿ ಇಟ್ಟಿದ್ದೇನೆ. ಬಟಾಣಿಯ ಸಾಮಾನನ್ನು ಮುಟ್ಟಿಲ್ಲ. ಮಗುವಿನ ಮೇಲೆ ನನಗೇನೂ ಸಿಟ್ಟಿಲ್ಲ ಎಂದು ಅವಳ ತಾಯಿಗೆ ಹೇಳಿ.

ನಿಮ್ಮ ಅಳಿಯನ ತಾಯಿ


ಜುಲೈ 8 (ಅಂಚೆ ಕಾರ್ಡು)

ಬೀಗಿತ್ತಿಯವರಿಗೆ. ಲಕ್ಷಣ ಎಂದರೆ ಇಲ್ಲಿ ಅಂದಚಂದ ಅಲ್ಲ. ನಿಮ್ಮ ಮಗನ ರಕ್ತದಲ್ಲಿ ಕುಡುಗೋಲಿನ ಅಂಶ ಅರ್ಧ ಇದೆ ಎಂದು ಅರ್ಥ. ನನ್ನ ಮಗಳಿಗೂ ನರ್ಸು ಹೇಳಿದ್ದು ಅದೇ ಮಾತು. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಸೇರಿದರೆ ಮಾತ್ರ ಮಗುವಿಗೆ ರೋಗ ಬರುತ್ತದೆ, ಒಬ್ಬರಿಂದಲೇ ಬರುವುದಿಲ್ಲ. ಇನ್ನೊಂದು. ಅರ್ಧ ಇದ್ದವರನ್ನು ಮಲೇರಿಯಾ ಕೊಲ್ಲುವುದು ಅಪರೂಪವಂತೆ. ನಿಮ್ಮ ಮನೆಯ ಗಟ್ಟಿ ರಕ್ತದ ಗುಟ್ಟು ಅದೇ, ನಿಮ್ಮ ಚೊಕ್ಕಟವೂ ಅಲ್ಲ, ಅಡುಗೆಯೂ ಅಲ್ಲ. ಎರಡನೇ ಸೊಸೆಯನ್ನು ತರುವ ಮೊದಲು ನಿಮ್ಮ ತಮ್ಮನ ಮಗಳ ಲಕ್ಷಣವನ್ನೂ ನೋಡಿಸಿಕೊಳ್ಳಿ. ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ವರಾಂಡದಲ್ಲಿ ನಕ್ಕವರೆಲ್ಲ ಓದಲಿ.


ಜುಲೈ 25

ಬೀಗಿತ್ತಿಯವರಿಗೆ,

ನಿಮ್ಮಿಂದ ಉತ್ತರವಿಲ್ಲ. ಇರುವುದೂ ಬೇಡ, ನಾನೇ ಇನ್ನೊಂದು ಬರೆಯಬೇಕು. ಈ ಸಲ ಕವರಿನಲ್ಲಿ ಹಾಕಿ, ಅಂಟನ್ನು ಎರಡು ಸಲ ಒತ್ತಿದ್ದೇನೆ.

ಕಾರ್ಡು ಡಬ್ಬಿಗೆ ಹಾಕಿದ ದಿನ ಬಹಳ ಹಗುರಾಗಿದ್ದೆ. ಎಷ್ಟೋ ದಿನದಿಂದ ತಗ್ಗಿಸಿದ್ದ ತಲೆ ಎತ್ತಿದ ಹಾಗಿತ್ತು. ಅದು ಹೇಗಾಯಿತೆಂದು ಹೇಳಿಬಿಡುತ್ತೇನೆ. ನಿಮ್ಮ ಪತ್ರ ಅಂಗಡಿಗೆ ಬಂತು. ಅಲ್ಲಿ ನನ್ನ ಜೊತೆ ಇನ್ನಿಬ್ಬರು ಹೆಂಗಸರು ಹೊಲಿಯುತ್ತಾರೆ. ನಾನು ಮಷಿನ್ ನಿಲ್ಲಿಸಿ ಪತ್ರವನ್ನು ಗಟ್ಟಿಯಾಗಿ ಓದಿದೆ. ಲಕ್ಷಣದ ಮಾತು ಬಂದಾಗ ಗುಂಡಿ ಹಾಕುವವಳು, "ಸುಮ್ನೆ ಬೀಗಿತ್ತಿ ಅಂತಾರಾ? ಬೀಗೋಳೇ ಬೀಗಿತ್ತಿ" ಅಂದಳು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಳತೆ ನೋಡುವ ಪರದೆಯ ಹಿಂದೆ ಮಗಳು ಬಟಾಣಿಯನ್ನು ಮಲಗಿಸುತ್ತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿದೆ. ಎರಡನೇ ಸೊಸೆಯ ವಿಷಯವೂ ನಾನು ಹಾಗೆ ನಗುತ್ತಾ ಓದುತ್ತಿರುವಾಗಲೇ ಅವಳ ಕಿವಿಗೆ ಬಿದ್ದದ್ದು.

ಕಾರ್ಡಿನ ವಿಷಯ ತಿಳಿದದ್ದು ಆಮೇಲೆ. ನಾನೇ ಜಂಬದಿಂದ ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ. "ಅಮ್ಮಾ, ನಿನಗೆ ಅತ್ತೆ ಮೇಲೆ ಕೋಪ ಇತ್ತು, ಸರಿ. ಆದ್ರೆ ಕಾರ್ಡಲ್ಲಿ ಬರೆದಿದ್ದು ಅತ್ತೇನಲ್ಲ. ನನ್ನ ಗಂಡನ ರಕ್ತ, ನನ್ನ ರಕ್ತ, ನನ್ನ ಮಗಳ ರಕ್ತ" ಅಂದಳು. ಅವತ್ತಿನಿಂದ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ.

ಜೂನ್‌ನಲ್ಲೇ ನನಗೆ ಎಲ್ಲ ಗೊತ್ತಿತ್ತು. ನರ್ಸಮ್ಮ ಬಿಡಿಸಿ ಹೇಳಿದ್ದರು, ನಾನು ಅದನ್ನು ಹೊಲಿಗೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಅಂಗಿಯ ಎರಡು ಭಾಗದಲ್ಲಿ ಒಂದು ಸ್ವಲ್ಪ ಓರೆಯಾದರೆ ಇನ್ನೊಂದು ತಾಳಿಕೊಳ್ಳುತ್ತದೆ, ಎರಡೂ ಓರೆಯಾದರೆ ಮೈಗೆ ಕೂರುವುದಿಲ್ಲ. ಮಗಳಿಗೆ ಲಕ್ಷಣ ಇದೆ, ಅದು ನಮ್ಮ ಯಜಮಾನರಿಂದ ಬಂದದ್ದು ಎಂದರು. ನನ್ನದಲ್ಲ ಎಂದು ತಿಳಿದಾಗ ಒಳಗೊಳಗೇ ಖುಷಿಯಾಯಿತು ನೋಡಿ. ಯಜಮಾನರು ಆಸ್ಪತ್ರೆಯಿಂದ ಮನೆಯವರೆಗೂ ನನ್ನ ಹಿಂದೆ ಹಿಂದೆಯೇ ಬಂದರು, ಜೊತೆಗೆ ನಡೆಯಲಿಲ್ಲ. ಆಗಲೂ ನನಗೆ ಬುದ್ಧಿ ಬರಲಿಲ್ಲ. ನಿಮಗೆ ಅಷ್ಟನ್ನೂ ತಿಳಿಸಿದ್ದರೆ ಆ ವರಾಂಡದಲ್ಲಿ ನೀವು ಹಾಗೆ ನಗೆಪಾಟಲಾಗುತ್ತಿರಲಿಲ್ಲ. ನಮ್ಮ ಕಡೆ ದೋಷವಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಅರ್ಧ ಬರೆದೆ, ಅರ್ಧ ನುಂಗಿದೆ.

ದೊಡ್ಡ ಮನಸ್ಸು ಮಾಡಿ ಇದನ್ನು ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ತಪ್ಪಿಗೆ ಅವಳ ಸಂಸಾರ ಮುರಿಯಬೇಡಿ.

ನಿಮ್ಮ ಬೀಗಿತ್ತಿ


ಆಗಸ್ಟ್ 7

ಬೀಗಿತ್ತಿಯವರಿಗೆ,

ನಿಮ್ಮ ಕವರು ಬಂತು. ಕಾರ್ಡು ನನ್ನ ಕೈಗೆ ಬರುವಷ್ಟರಲ್ಲಿ ಕಾಲೋನಿಗೆಲ್ಲ ಬಂದಿತ್ತು. ನಮ್ಮಲ್ಲಿ ಪೋಸ್ಟಿನವನು ಕಾರ್ಡುಗಳನ್ನು ಮೆಸ್ಸಿನ ಕೌಂಟರಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಹೋಗುತ್ತಾನೆ. ಊಟದ ಹೊತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಓದಿಕೊಂಡರು. ಓದಲು ಬಾರದವರಿಗೆ ಓದು ಬಂದವರು ಓದಿ ಹೇಳಿದರು. ನಾನು ಒಳಗೆ ಪಾತ್ರೆ ಇಳಿಸುತ್ತಾ, ಇವತ್ತೇಕೆ ಸಾಲು ಮುಂದೆ ಹೋಗುತ್ತಿಲ್ಲ ಎಂದು ರೇಗುತ್ತಿದ್ದೆ.

ಮರುದಿನದಿಂದ ಊಟಕ್ಕೆ ಬರುವವರು ಕಡಿಮೆಯಾದರು. ಅಂಟುವ ರೋಗ ಎಂದು ಅವರ ಎಣಿಕೆ. ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳುವಾಗ ಬೆರಳು ತಾಗದ ಹಾಗೆ ತೆಗೆದುಕೊಳ್ಳುತ್ತಾರೆ. ಮಗ ಪಾಳಿಗೆ ಹೋದರೆ ಜೊತೆಯವರು, "ಬಂದ ನೋಡು ಕುಡುಗೋಲು" ಅನ್ನುತ್ತಾರಂತೆ. ಎತ್ತರದಿಂದ ತಲೆ ತಿರುಗಿ ಬಿದ್ದಾನು ಎಂದು ಮೇಲಿನವರು ಅವನನ್ನು ಗೇಟಿನಿಂದ ಇಳಿಸಿ ಸ್ಟೋರಿನಲ್ಲಿ ಕೂರಿಸಿದರು. ಆ ಗೇಟು ಅವನಿಗೆ ಎಷ್ಟು ಇಷ್ಟವೆಂದು ನಿಮ್ಮ ಮಗಳಿಗೆ ಗೊತ್ತು.

ಕಾರ್ಡನ್ನು ಅವನೂ ಓದಿದ. ಓದಿ ನನ್ನನ್ನು ಕೇಳಿದ್ದು ರಕ್ತದ ವಿಷಯವಲ್ಲ. "ಎರಡನೇ ಸೊಸೆ ಅಂದ್ರೆ ಏನಮ್ಮಾ?" ಎಂದು ಕೇಳಿದ. ನಾನು ಒಲೆ ಕಡೆ ತಿರುಗಿದೆ. ಆಮೇಲೆ ಅವನು ಮೆಸ್ಸಿನಲ್ಲಿ ಉಣ್ಣಲಿಲ್ಲ. ಹೋದ ವಾರ ರಜೆ ಹಾಕಿ ಹೋಗಿದ್ದಾನೆ. ಎಲ್ಲಿಗೆ ಎಂದು ನನಗೆ ಗೊತ್ತು, ನಿಮ್ಮನ್ನು ಕೇಳುತ್ತಿಲ್ಲ.

ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬರೆದಿದ್ದೀರಿ. ನನ್ನ ಹೊಟ್ಟೆ ಅಷ್ಟು ದೊಡ್ಡದಲ್ಲ. ನೀವು ಬರೆದದ್ದು ಸುಳ್ಳಾಗಿದ್ದರೆ ಅಲ್ಲಿಗೇ ಬಂದು ನಿಮ್ಮ ಅಂಗಡಿಯ ಮುಂದೆ ನಿಂತು ಜಗಳವಾಡುತ್ತಿದ್ದೆ. ನಿಜವೋ ಸುಳ್ಳೋ ಎಂದು ನರ್ಸನ್ನು ಕೇಳಬೇಕು, ಇನ್ನೂ ಹೋಗಿಲ್ಲ. ಆ ವರಾಂಡ ಹತ್ತಲು ಕಾಲು ಬರುವುದಿಲ್ಲ.


ಆಗಸ್ಟ್ 15

ಬೀಗಿತ್ತಿಯವರೇ,

ನಿಮ್ಮ ಪತ್ರವನ್ನು ಒಬ್ಬಳೇ ಓದಿಕೊಂಡೆ. ಏನದು ಎಂದು ಗುಂಡಿಯವಳು ಕೇಳಿದಳು, ಕರೆಂಟಿನ ಬಿಲ್ಲು ಎಂದೆ. ನಿಮ್ಮ ಮಗನನ್ನು ಗೇಟಿನಿಂದ ಇಳಿಸಿದ ಸಾಲು ಓದಿದಾಗಿನಿಂದ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸುತ್ತದೆ.

ಬಟಾಣಿಗೆ ಮತ್ತೆ ನೋವು ಬಂದಿತ್ತು. ಆಸ್ಪತ್ರೆಗೆ ಸೇರಿಸಿ, ಗ್ಲೂಕೋಸ್ ಹಾಕಿಸಿ ಕರೆತಂದೆವು, ಈಗ ಪರವಾಗಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಗಾಬರಿಪಡಬೇಡಿ. ಇದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ.

ಆ ನರ್ಸನ್ನು ಒಮ್ಮೆ ನೋಡಿ.


ಆಗಸ್ಟ್ 31

ಬೀಗಿತ್ತಿಯವರೇ,

'ಎಲ್ಲರೂ ಕ್ಷೇಮ' ಎಂದು ಬರೆದಿದ್ದೀರಿ. ಆ ಎಲ್ಲರಲ್ಲಿ ನನ್ನ ಮಗ ಇದ್ದಾನೋ ಇಲ್ಲವೋ ಎಂದು ಅದೊಂದು ಸಾಲನ್ನು ಹಿಂದೆ ಮುಂದೆ ತಿರುಗಿಸಿ ಓದುತ್ತಿದ್ದೇನೆ. ಅವನು ಹೋದದ್ದು ಎಲ್ಲಿಗೆಂದು ಗೊತ್ತು ಎಂದು ಬರೆದದ್ದು ಸುಳ್ಳು. ನನಗೆ ಗೊತ್ತಿಲ್ಲ. ಮಗ ಎಲ್ಲಿದ್ದಾನೆ ಎಂದು ನಿಮ್ಮನ್ನು ಕೇಳುವ ಸ್ಥಿತಿ ನನಗೆ ಬಂತಲ್ಲ ಎಂದು ಸಂಕೋಚವಾಗಿತ್ತು.

ನರ್ಸಿನ ಹತ್ತಿರ ಹೋಗಿ ಬಂದೆ. ಅವಳು ಅಣಕಿಸಲಿಲ್ಲ, ಕೂರಲು ಸ್ಟೂಲು ಕೊಟ್ಟಳು. "ಆವತ್ತೇ ಹೇಳಬೇಕು ಅಂತಿದ್ದೆ ಅಮ್ಮ, ನೀವು ನಿಲ್ಲಲೇ ಇಲ್ಲ" ಅಂದಳು. ಮಲೇರಿಯಾದ ರೋಗಾಣು ಕೆಂಪು ರಕ್ತಕಣದೊಳಗೆ ಹೊಕ್ಕು, ಅಲ್ಲೇ ಉಂಡು, ಅಲ್ಲೇ ಮರಿ ಮಾಡುತ್ತದಂತೆ. ಲಕ್ಷಣ ಇದ್ದವರ ಕಣದೊಳಗೆ ಹೊಕ್ಕರೆ ಆ ಕಣವೇ ಬಾಗಿಬಿಡುತ್ತದೆ. ಇದು ಕೆಟ್ಟ ಸಾಮಾನು ಎಂದು ಮೈ ಅದನ್ನು ತೆಗೆದುಹಾಕುತ್ತದೆ, ಒಳಗಿದ್ದ ರೋಗಾಣುವೂ ಅದರ ಜೊತೆಗೇ ಹೋಗುತ್ತದೆ. ಮೆಸ್ಸಿನವಳಾದ ನನಗೆ ಇದು ಬೇಗ ಅರ್ಥವಾಯಿತು, ಉಣ್ಣಲು ಕೂತವನ ತಟ್ಟೆಯನ್ನೇ ಎತ್ತಿಕೊಂಡು ಹೋದ ಹಾಗೆ. ಜ್ವರ ಹೆಚ್ಚಿದ್ದ ಕಡೆ ತಲೆತಲಾಂತರದಿಂದ ಬದುಕಿ ಬಂದವರಲ್ಲಿ ಈ ಲಕ್ಷಣ ಹೆಚ್ಚಂತೆ. ಅದು ಪುಣ್ಯವೂ ಅಲ್ಲ ಪಾಪವೂ ಅಲ್ಲ ಎಂದಳು.

ನನ್ನ ರಕ್ತವನ್ನೂ ಕೊಟ್ಟೆ. ತೀರಿಹೋದ ನಮ್ಮ ಯಜಮಾನರದ್ದಾಗಿರಲಿ ಎಂದು ಬೇಡಿಕೊಂಡೆ, ಸತ್ತವರಿಗೆ ಜನರ ಮುಂದೆ ತಲೆ ತಗ್ಗಿಸುವ ಕಷ್ಟವಿಲ್ಲವಲ್ಲ. ಆದರೆ ಅದು ನನ್ನದೇ. ನಿಮ್ಮ ಮಗಳನ್ನು ಬಸ್ಸಿಗೆ ಹತ್ತಿಸಿದ ಕೈಯಲ್ಲೇ ಅದು ಹರಿಯುತ್ತಿತ್ತು.

ಇದನ್ನು ಎದುರು ಮನೆಯವಳಿಗೆ ಹೇಳಲೇಬೇಕಾಗಿತ್ತು. ಕಾರ್ಡು ಓದಿದ ದಿನ ಅವಳೂ ಮೆಸ್ಸಿನಲ್ಲಿದ್ದಳು, ಏನೂ ಕೇಳಿರಲಿಲ್ಲ. ಬೇರೆ ಕೆಲಸದವರು ಬಿಟ್ಟು ಹೋದರೂ ಅವಳು ಮಾತ್ರ ದಿನಾ ಬಂದು ತರಕಾರಿ ಹೆಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನರ್ಸು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಚಾಕು ಕೆಳಗಿಟ್ಟು, "ಹಾಗಾದ್ರೆ ನನ್ನ ಮಕ್ಕಳು ಹೋಗಿದ್ದು ನಾನು ಮನೆ ಗಲೀಜಾಗಿ ಇಟ್ಕೊಂಡಿದ್ದಕ್ಕಲ್ವಾ?" ಎಂದು ಕೇಳಿದಳು. ಅಲ್ಲ ಎಂದೆ. "ನೀವು ಹೇಳಿದಾಗಿಂದ ದಿನಕ್ಕೆ ಎರಡು ಸಲ ನೆಲ ಒರೆಸ್ತೀನಿ, ಇವತ್ತಿಗೂ" ಅಂದಳು. ಬಯ್ಯಲಿಲ್ಲ, ಅಳಲಿಲ್ಲ. ಮತ್ತೆ ಚಾಕು ಎತ್ತಿಕೊಂಡಳು. ಅವಳು ಬೈದಿದ್ದರೆ ನಾನು ಬದುಕುತ್ತಿದ್ದೆ ಬೀಗಿತ್ತಿಯವರೇ. ನಾವು ಉಳಿದದ್ದು ನನ್ನ ಅಚ್ಚುಕಟ್ಟಿನಿಂದ ಎಂದು ನಂಬಿ, ಹೆತ್ತ ಮಕ್ಕಳನ್ನು ಕಳೆದುಕೊಂಡವಳ ಕೈಗೆ ಪೊರಕೆ ಕೊಟ್ಟವಳು ನಾನು.

ತಮ್ಮನಿಗೆ ಬೇಡವೆಂದು ಹೇಳಿಯಾಯಿತು. ನಿನ್ನ ಮಗಳ ಮದುವೆಗೆ ಮುಂಚೆ ರಕ್ತ ನೋಡಿಸು ಎಂದೂ ಹೇಳಿದೆ. ಅವನು ಮಾತು ಬಿಟ್ಟಿದ್ದಾನೆ. ಸೊಸೆಯ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಬೀರುವಿನಲ್ಲಿ ಇಟ್ಟಿದ್ದೇನೆ. ಅವಳನ್ನು ಕಳಿಸಿಕೊಡಿ ಎಂದು ಕೇಳುವ ಮುಖ ನನಗಿಲ್ಲ. ಬರುತ್ತಾಳೋ ಇಲ್ಲವೋ ಎಂದಷ್ಟು ತಿಳಿಸಿ.


ಸೆಪ್ಟೆಂಬರ್ 9

ಅಕ್ಕಾ,

ಹೀಗೆ ಕರೆಯಬಹುದು ತಾನೆ? ಬೀಗಿತ್ತಿ ಎಂದು ಬರೆಯಲು ಹೋದರೆ ಅಂಗಡಿಯಲ್ಲಿ ನಕ್ಕ ನಗು ನೆನಪಾಗುತ್ತದೆ.

ಅಳಿಯಂದಿರು ಇಲ್ಲೇ ಇದ್ದಾರೆ. ರಜೆ ಹಾಕಿದ ದಿನವೇ ಬಂದರು. ನಿಮಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು, ಅದಕ್ಕೇ 'ಎಲ್ಲರೂ' ಎಂದು ಬರೆದೆ. ನಿಮಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಈ ಸಲದ ನಿಮ್ಮ ಪತ್ರವನ್ನು ಅವರ ಕೈಗೇ ಕೊಟ್ಟೆ. ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಕೂತು ಓದಿದರು. ಎದುರು ಮನೆಯವಳ ಭಾಗ ಬಂದಾಗ ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿದರು. ಆಮೇಲೆ, "ರಕ್ತದ್ದು ನನಗೆ ಬೇಜಾರಿಲ್ಲ ಅತ್ತೆ. ನನ್ನ ಮಗಳು ನೋವಲ್ಲಿ ಚೀರ್ತಿದ್ದಾಗ ಅಮ್ಮ ನನಗೆ ಬೇರೆ ಹೆಂಡತಿ ನೋಡ್ತಿದ್ಲಲ್ಲ, ಅದನ್ನ ಎಲ್ಲಿಡ್ಲಿ?" ಅಂದರು. ನಿಮಗೆ ಮುಚ್ಚಿಡಬಾರದೆಂದು ಬರೆದಿದ್ದೇನೆ, ನಾವಿಬ್ಬರೂ ಮುಚ್ಚಿಟ್ಟು ಮುಚ್ಚಿಟ್ಟು ಇಲ್ಲಿಗೆ ಬಂದಿದ್ದೇವೆ.

ಇಲ್ಲಿನ ನೀರಿನ ಪಂಪ್‌ಹೌಸಿನಲ್ಲಿ ಅವರಿಗೆ ಕೆಲಸ ಸಿಕ್ಕಿದೆ. ಗೇಟಿನಷ್ಟು ದೊಡ್ಡದಲ್ಲ, ತಿರುಗಿಸುವ ಚಕ್ರಗಳಿವೆಯಂತೆ. ಆಸ್ಪತ್ರೆಗೆ ಹತ್ತಿರ ಎರಡು ಕೋಣೆಯ ಮನೆ ಹಿಡಿದಿದ್ದಾರೆ.

ನೀವು ಕೇಳಿದ್ದಕ್ಕೆ ಮಗಳ ಉತ್ತರ ಇದು. ಅವಳು ಕಾಲೋನಿಗೆ ಬರುವುದಿಲ್ಲ, ಅಲ್ಲಿ ಮಲೇರಿಯಾ ಇನ್ನೂ ಪೂರ್ತಿ ಹೋಗಿಲ್ಲವಲ್ಲ. ಲಕ್ಷಣ ಇದ್ದವರನ್ನು ಮಲೇರಿಯಾ ಅಷ್ಟಾಗಿ ಕಾಡುವುದಿಲ್ಲ, ಆದರೆ ರೋಗವೇ ಇರುವ ಬಟಾಣಿಯಂಥ ಮಕ್ಕಳಿಗೆ ಅದು ಬಂದರೆ ಎಲ್ಲರಿಗಿಂತ ಹೆಚ್ಚು ಅಪಾಯವಂತೆ. ನಿಮ್ಮನ್ನು ಬಿಟ್ಟುಹೋದ ಜ್ವರ ಅವಳನ್ನು ಬಿಡುವುದಿಲ್ಲ. ಅದಕ್ಕೇ ಬರುವುದಿಲ್ಲ, ಕೋಪಕ್ಕಲ್ಲ ಎಂದು ಬರೆ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಬಂದು, "ಬರೀ ಕೋಪಕ್ಕಲ್ಲ ಅಂತ ಬರೆ" ಎಂದು ತಿದ್ದಿದಳು.

ಇನ್ನೊಂದು ಉಳಿದಿದೆ. ಬಹಳ ನಾಚಿಕೆಯಾಗಿ ಕೊನೆಗೆ ಇಟ್ಟುಕೊಂಡೆ.

ನೋವು ಬಂದಾಗ ಬಟಾಣಿ ಅಮ್ಮನನ್ನು ಕರೆಯುವುದಿಲ್ಲ, ಅಪ್ಪನನ್ನೂ ಕರೆಯುವುದಿಲ್ಲ. "ಅಜ್ಜಿ" ಎಂದು ಚೀರುತ್ತಾಳೆ. ಆಸ್ಪತ್ರೆಯಲ್ಲಿ ಮೊದಲ ಸಲ ಹಾಗೆ ಕರೆದಾಗ ಎಲ್ಲರನ್ನೂ ಸರಿಸಿಕೊಂಡು ನಾನು ಓಡಿಹೋಗಿ ಎತ್ತಿಕೊಂಡೆ. ಅಲ್ಲಿದ್ದವರೆಲ್ಲ ನೋಡುತ್ತಿದ್ದರು, ನನಗೆ ಎದೆ ತುಂಬಿ ಬಂತು. ಅವಳು ಊದಿದ ಎರಡೂ ಕೈಯಿಂದ ನನ್ನನ್ನು ತಳ್ಳಿ, "ಈ ಅಜ್ಜಿ ಅಲ್ಲ" ಅಂದಳು. ಆಮೇಲೆ ಬಂದ ಪ್ರತಿ ನೋವಿನಲ್ಲೂ ಅದನ್ನೇ ಹೇಳಿದ್ದಾಳೆ. ಮಗಳು, ಅಳಿಯ ಇಬ್ಬರೂ ಕೇಳಿಸಿಕೊಂಡಿದ್ದಾರೆ. ನಿಮಗೆ ಇದನ್ನು ತಿಳಿಸಬೇಕೆಂದು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ ಅಕ್ಕಾ.

ಇಲ್ಲಿ ನಿಮ್ಮ ಜೊತೆ ಯಾರು ಮಾತಾಡುತ್ತಾರೋ, ಯಾರು ಬಿಡುತ್ತಾರೋ ನಾನು ಹೇಳಲಾರೆ. ಬನ್ನಿ. ಬಂದು ಅವಳನ್ನು ಎತ್ತಿಕೊಳ್ಳಿ.